ಹೊಸ ಡಿಜೆ ಮಿಕ್ಸ್ ಕಳಿಸಿದಾಗ ಏನು ಹೇಳಬೇಕು, ಹೇಗೆ ಹೇಳಬೇಕು

ಡಿಜೆ ಕಲಿಯುತ್ತಿರುವ ಗೆಳೆಯನೋ, ತಂಗಿಯೋ, ಕಾಲೇಜಿನ ಜೂನಿಯರ್ರೋ ತಮ್ಮ ಮೊದಲ ಮಿಕ್ಸ್ (ಹಾಡುಗಳನ್ನು ಒಂದಕ್ಕೊಂದು ಬೆಸೆದು ನಿಲ್ಲಿಸದೆ ನುಡಿಸಿದ ರೆಕಾರ್ಡಿಂಗ್) ಕಳಿಸಿ "ಹೇಗಿದೆ ಹೇಳಿ" ಅಂದಾಗ ನಮ್ಮಿಂದ ಸಾಮಾನ್ಯವಾಗಿ ಎರಡೇ ಉತ್ತರ ಹೋಗುತ್ತವೆ. ಒಂದು, "ಬೆಂಕಿ ಮಗಾ". ಇನ್ನೊಂದು, "ಚೆನ್ನಾಗಿದೆ, ಇನ್ನೂ ಸ್ವಲ್ಪ ಪ್ರಾಕ್ಟೀಸ್ ಬೇಕು". ಎರಡರಿಂದಲೂ ಅವರಿಗೆ ಏನೂ ಸಿಗುವುದಿಲ್ಲ. ಯಾವುದನ್ನು ಪ್ರಾಕ್ಟೀಸ್ ಮಾಡಬೇಕು? ಎಷ್ಟನೇ ನಿಮಿಷದಲ್ಲಿ ಎಡವಿದ್ದು? ಯಾವ ನಾಬ್ ತಿರುಗಿಸಬೇಕಿತ್ತು? ಇದನ್ನು ಹೇಳದೇ ಬಿಟ್ಟರೆ ಮುಂದಿನ ಮಿಕ್ಸ್‌ನಲ್ಲೂ ಅದೇ ತೊಂದರೆ ಇರುತ್ತದೆ.

ಇದು ಫೀಡ್‌ಬ್ಯಾಕ್ ಕೊಡುವವರಿಗಾಗಿ. ನೀವು ದೊಡ್ಡ ಡಿಜೆ ಆಗಿರಬೇಕಾಗಿಲ್ಲ. ತಾಳ್ಮೆಯಿಂದ ಕೇಳಬೇಕು, ಕಿವಿಗೆ ಬಿದ್ದದ್ದನ್ನು ಅವರು ನಾಳೆ ಕೈಯಿಂದ ಮಾಡಿ ನೋಡಬಹುದಾದ ಒಂದು ಕೆಲಸವಾಗಿ ಹೇಳಬೇಕು, ಅಷ್ಟೇ.

ಪ್ಲೇ ಒತ್ತುವ ಮೊದಲು ಎರಡು ಪ್ರಶ್ನೆ ಕೇಳಿ. ಈ ಮಿಕ್ಸ್ ಎಲ್ಲಿಗೆ? ಒಂದೇ ಓಟದಲ್ಲಿ ರೆಕಾರ್ಡ್ ಮಾಡಿದ್ದಾ, ಇಲ್ಲ ಆಮೇಲೆ ಎಡಿಟ್ ಮಾಡಿದ್ದಾ? ಮೊದಲನೇ ಪ್ರಶ್ನೆ ತುಂಬಾ ಮುಖ್ಯ. ಮದುವೆ ರಿಸೆಪ್ಷನ್‌ಗೆ ಮಾಡಿದ ಮಿಕ್ಸ್‌ನಲ್ಲಿ ಹಾಡು ಒಂದೂವರೆ ನಿಮಿಷಕ್ಕೇ ಬದಲಾದರೆ ತಪ್ಪಿಲ್ಲ, ಅಲ್ಲಿ ಮಕ್ಕಳಿಂದ ಅಜ್ಜಿವರೆಗೆ ಎಲ್ಲರನ್ನೂ ಕುಣಿಸಬೇಕು. ಅದೇ ಒಂದು ಹೌಸ್ (ಒಂದೇ ಸಮನೆ ಬೀಟ್ ಬಡಿಯುವ ಎಲೆಕ್ಟ್ರಾನಿಕ್ ಕುಣಿತದ ಸಂಗೀತ) ಸೆಟ್‌ನಲ್ಲಿ ಅಷ್ಟು ಬೇಗ ಬದಲಾಯಿಸಿದರೆ ಯಾವ ಹಾಡೂ ಊರಿಕೊಳ್ಳುವುದಿಲ್ಲ. ಪಬ್‌ನಲ್ಲಿ ಸಂಜೆ ಜನ ಇನ್ನೂ ಬಂದು ಕೂರುತ್ತಿರುವ ಹೊತ್ತಿಗೆ ಮಾಡಿದ ಮಿಕ್ಸ್ ಕೇಳಿ "ಎನರ್ಜಿ ಇಲ್ಲ" ಅನ್ನುವುದು ಅನ್ಯಾಯ.

ಆಮೇಲೆ ಎರಡು ಸಲ ಕೇಳಿ. ಮೊದಲ ಸಲ ನಿಲ್ಲಿಸದೆ, ಅಡುಗೆ ಮಾಡುತ್ತಲೋ ವಾಕಿಂಗ್ ಹೋಗುತ್ತಲೋ ಸಾಮಾನ್ಯ ಕೇಳುಗರ ಹಾಗೆ ಕೇಳಿ, ಗಮನ ಎಲ್ಲಿ ಕಿತ್ತುಕೊಂಡು ಹೋಯಿತೋ ಆ ನಿಮಿಷ ಮಾತ್ರ ಬರೆದಿಟ್ಟುಕೊಳ್ಳಿ. ಎರಡನೇ ಸಲ ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು, ಹಾಡು ಬದಲಾಗುವ ಜಾಗಗಳನ್ನು ಮಾತ್ರ ಕೇಳಿ. ಫೋನಿನ ಸ್ಪೀಕರ್‌ನಲ್ಲಿ ಕೇಳಿ ಬೇಸ್ ಬಗ್ಗೆ ಮಾತಾಡಲೇಬೇಡಿ. ಅಷ್ಟು ಚಿಕ್ಕ ಸ್ಪೀಕರ್‌ಗೆ ದಪ್ಪ ಬಡಿತದ ಕಿಕ್ ಡ್ರಮ್‌ನ ಕೆಳಗಿನ ದನಿ ಬರುವುದೇ ಇಲ್ಲ, ಹೊಸಬರು ಜಾಸ್ತಿ ಎಡವುವುದೋ ಅಲ್ಲೇ.

ಮೊದಲು ಲೆವೆಲ್, ಅಂದರೆ ಸದ್ದಿನ ಮಟ್ಟ ನೋಡಿ, ಯಾಕೆಂದರೆ ಅದು ಕೆಟ್ಟಿದ್ದರೆ ಉಳಿದದ್ದು ಕೇಳುವುದೇ ಕಷ್ಟ. ಮಿಕ್ಸರ್‌ನಲ್ಲಿ ಕೆಂಪು ದೀಪ ಉರಿಯುತ್ತಲೇ ರೆಕಾರ್ಡ್ ಮಾಡಿದರೆ ಸದ್ದು ಒಡೆಯುತ್ತದೆ, ಒಮ್ಮೆ ಒಡೆದ ರೆಕಾರ್ಡಿಂಗನ್ನು ಆಮೇಲೆ ಮೊದಲಿನಂತೆ ಮಾಡಲು ಆಗುವುದಿಲ್ಲ. ಫೈಲನ್ನು ಆಡಾಸಿಟಿ ಅನ್ನುವ ಆಡಿಯೋ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ತೆರೆದು ನೋಡಿ. ಅಲೆಗಳ ತಲೆ ಕತ್ತರಿಸಿದ ಹಾಗೆ ಸಪಾಟಾಗಿದ್ದರೆ ಸ್ಕ್ರೀನ್‌ಶಾಟ್ ತೆಗೆದು ಕಳಿಸಿ, ಮಾತಿಗಿಂತ ಬೇಗ ಅರ್ಥವಾಗುತ್ತದೆ. ಪೀಕ್ (ಸದ್ದು ಏರುವ ಅತಿ ಎತ್ತರದ ಮಟ್ಟ) ಮೈನಸ್ 6 ಡೆಸಿಬೆಲ್ ಹತ್ತಿರ ಇಟ್ಟುಕೊಂಡು ರೆಕಾರ್ಡ್ ಮಾಡಲು ಹೇಳಿ. ಹಳೆಯ ಹಾಡುಗಳು ಹೊಸವಕ್ಕಿಂತ ಸಣ್ಣ ದನಿಯಲ್ಲಿರುವುದು ಸಾಮಾನ್ಯ. ಅದನ್ನು ವಾಲ್ಯೂಮ್ ಫೇಡರ್‌ನಲ್ಲಲ್ಲ, ಅದರ ಮೇಲ್ಗಡೆ ಇರುವ, ಒಳಬರುವ ದನಿಯನ್ನು ಹೊಂದಿಸುವ ಟ್ರಿಮ್ ನಾಬ್‌ನಲ್ಲಿ, ಹಾಡು ಹೊರಗೆ ಕೇಳಿಸುವ ಮುಂಚೆಯೇ ಸರಿ ಮಾಡಿಕೊಳ್ಳಬೇಕು.

ಈಗ ಫ್ರೇಸಿಂಗ್, ಅಂದರೆ ಹಳೇ ಹಾಡಿನ ಒಂದು ಭಾಗ (ಫ್ರೇಸ್) ಮುಗಿಯುವ ಜಾಗಕ್ಕೆ ಸರಿಯಾಗಿ ಹೊಸ ಹಾಡನ್ನು ಬಿಡುವುದು. ಇದನ್ನು ನಾನು ಬೀಟ್‌ಮ್ಯಾಚಿಂಗ್‌ಗಿಂತ (ಎರಡು ಹಾಡಿನ ಬೀಟ್‌ಗಳನ್ನು ಒಂದರ ಮೇಲೊಂದು ಕೂರಿಸುವುದಕ್ಕಿಂತ) ಮೇಲೆ ಇಡುತ್ತೇನೆ, ಒಪ್ಪದವರು ಇರಬಹುದು. ಬೀಟ್ ಸ್ವಲ್ಪ ಜಾರಿದರೆ ಜನ ಮರೆತುಬಿಡುತ್ತಾರೆ. ಆದರೆ ಒಂದು ಹಾಡಿನ ಸಾಲು ಅರ್ಧದಲ್ಲಿರುವಾಗ ಇನ್ನೊಂದರ ಡ್ರಾಪ್ (ಬೀಟ್, ಬೇಸ್ ಪೂರ್ತಿ ಜೋರಾಗಿ ಬರುವ ಗಳಿಗೆ) ಬಂದು ಬಿದ್ದರೆ, ಕಾರಣ ಗೊತ್ತಿಲ್ಲದವರಿಗೂ ಏನೋ ಸರಿಯಿಲ್ಲ ಅನ್ನಿಸುತ್ತದೆ, ಕುಣಿಯುತ್ತಿದ್ದ ಕಾಲು ನಿಲ್ಲುತ್ತದೆ. ಹೌಸ್, ಟೆಕ್ನೋ ತರಹದ ಸಂಗೀತದಲ್ಲಿ 4 ಬೀಟ್‌ಗೆ ಒಂದು ಬಾರ್, 8 ಬಾರ್‌ಗೆ ಅಂದರೆ 32 ಬೀಟ್‌ಗೆ ಸಾಮಾನ್ಯವಾಗಿ ಏನಾದರೊಂದು ಬದಲಾಗುತ್ತದೆ: ಹೊಸ ವಾದ್ಯ ಬರುತ್ತದೆ, ಡ್ರಮ್ ನಿಲ್ಲುತ್ತದೆ, ದನಿ ಶುರುವಾಗುತ್ತದೆ. ನಿಮಿಷಕ್ಕೆ 128 ಬೀಟ್ ಇದ್ದರೆ 32 ಬೀಟ್‌ಗೆ ಸರಿಯಾಗಿ 15 ಸೆಕೆಂಡ್. ಆದಿತಾಳ ಹಾಕಲು ಬರುವವರಿಗೆ ಹೀಗೆ ಹೇಳಿದರೆ ತಕ್ಷಣ ಹಿಡಿಯುತ್ತದೆ: 8 ಎಣಿಕೆಯ ಆವರ್ತನ ನಾಲ್ಕು ಸಲ ಮುಗಿಯಲಿ, ಐದನೆಯದರ ಮೊದಲ ತಟ್ಟಿಗೆ ಹೊಸ ಹಾಡನ್ನು ಬಿಡು.

ತಪ್ಪಿದ ಜಾಗವನ್ನು ಹೇಳುವುದು ಹೀಗೆ: "12:40ರಲ್ಲಿ ಹೊಸ ಹಾಡು ಬೀಟ್‌ಗೆ ಚೆನ್ನಾಗಿ ಕೂತಿದೆ. ಆದರೆ ನೀನು ಅದನ್ನು ಬಿಟ್ಟಿದ್ದು ಹಳೇ ಹಾಡಿನ 8 ಬಾರ್‌ನ ಮಧ್ಯಕ್ಕೆ. ಹಾಗಾಗಿ ಹೊಸದರ ಡ್ರಾಪ್ ಬಂದಾಗ ಹಳೆಯದರಲ್ಲಿ ಹಾಡುವವಳ ಸಾಲು ಇನ್ನೂ ಮುಗಿದಿರಲಿಲ್ಲ. 4 ಬಾರ್ ತಡೆದಿದ್ದರೆ ಸರಿಹೋಗುತ್ತಿತ್ತು. ಇದೇ ಎರಡು ಹಾಡು ತಗೊಂಡು, ಹೊಸದರ ಮೊದಲ ಕಿಕ್ ಮೇಲೆ ಹಾಟ್ ಕ್ಯೂ (ಒತ್ತಿದರೆ ಹಾಡು ಅಲ್ಲಿಂದಲೇ ಶುರುವಾಗುವ ಗುರುತು) ಇಟ್ಟು, ಬಾಯಲ್ಲಿ ಎಣಿಸುತ್ತಾ ಸುಮ್ನೆ ಹತ್ತು ಸಲ ಬಿಟ್ಟು ನೋಡು." ಇದರಲ್ಲಿ ಬೈಗುಳವೂ ಇಲ್ಲ, ಹೊಗಳಿಕೆಯೂ ಜಾಸ್ತಿ ಇಲ್ಲ. ಎಲ್ಲಿ, ಯಾಕೆ, ಈಗೇನು ಮಾಡಬೇಕು, ಮೂರೂ ಇವೆ.

ಬೇಸ್ ವಿಷಯವೂ ಹೀಗೇ. ಎರಡು ಹಾಡಿನ ಕಿಕ್ ಮತ್ತು ಬೇಸ್‌ಲೈನ್ ಒಟ್ಟಿಗೆ ಮೇಲಿದ್ದರೆ ಕೆಳಗಿನ ದನಿ ಕಲಸಿಹೋಗುತ್ತದೆ, ಮೀಟರ್ ಒಮ್ಮೆಗೇ ಕೆಂಪಿಗೆ ಏರುತ್ತದೆ, ಕೆಲವು ಸಲ ಎರಡು ಕಿಕ್‌ಗಳು ಒಂದನ್ನೊಂದು ತಿಂದುಹಾಕಿ ಸದ್ದು ತೆಳ್ಳಗಾಗಿಬಿಡುವುದೂ ಉಂಟು. "ಇಕ್ಯೂ ಸರಿಯಿಲ್ಲ" ಅಂದರೆ ಹೊಸಬರು ಇಕ್ಯೂನ ಮೂರೂ ನಾಬ್ (ಹೈ, ಮಿಡ್, ಲೋ; ಅಂದರೆ ಮೇಲಿನ, ನಡುವಿನ, ಕೆಳಗಿನ ದನಿ) ತಿರುಗಿಸುತ್ತಾ ಕೂರುತ್ತಾರೆ. ಅದರ ಬದಲು "18:05ರಿಂದ 18:50ರವರೆಗೆ ಎರಡೂ ಚಾನೆಲ್‌ನ ಲೋ ಮೇಲಿತ್ತು. ಹೊಸ ಹಾಡನ್ನು ಲೋ ಪೂರ್ತಿ ಇಳಿಸಿಯೇ ಒಳಗೆ ತಾ, ಹೊಸ ಫ್ರೇಸ್ ಶುರುವಾಗುವ ಬೀಟ್‌ಗೆ ಒಂದರದ್ದು ಇಳಿಸಿ ಇನ್ನೊಂದರದ್ದು ಏರಿಸು" ಅನ್ನಿ. ಇನ್ನೊಂದು ಕಡೆಯೂ ಕಿವಿ ಇಡಿ. ಹಳೇ ಹಾಡಿಗಾಗಿ ಇಳಿಸಿದ ಲೋ ನಾಬನ್ನು ವಾಪಸ್ ಎತ್ತದೆ, ಅದೇ ಚಾನೆಲ್‌ನಲ್ಲಿ ಅದರ ಮುಂದಿನ ಹಾಡನ್ನೂ ಹಾಕಿರುತ್ತಾರೆ. ಒಂದು ಹಾಡು ಬಿಟ್ಟು ಒಂದು ಹಾಡು ಜೀವ ಇಲ್ಲದಂತೆ ಕೇಳಿಸುತ್ತಿದ್ದರೆ ಬಹುತೇಕ ಇದೇ ಕಾರಣ. ಕೇಳುವ ನಮಗೆ ಬೇಗ ಗೊತ್ತಾಗುತ್ತದೆ, ಹತ್ತು ಕೆಲಸ ಒಟ್ಟಿಗೆ ಮಾಡುತ್ತಿರುವ ಅವರಿಗೆ ಗೊತ್ತಾಗುವುದಿಲ್ಲ. ಹೊರಗಿನ ಕಿವಿ ಬೇಕಾಗುವುದು ಇಂಥದ್ದಕ್ಕೇ.

ಬೀಟ್ ಜಾರಿದಾಗ "ಬೀಟ್‌ಮ್ಯಾಚಿಂಗ್ ವೀಕ್" ಅಂತ ಹೇಳಿ ಕೈತೊಳೆದುಕೊಳ್ಳಬೇಡಿ. ಯಾವ ತರಹ ಜಾರಿದೆ ಅಂತ ಕೇಳಿಸಿಕೊಳ್ಳಿ. ಮೊದಲಿನಿಂದ ಕೊನೆವರೆಗೂ ಕಿಕ್ ಒಂದೇ ಅಂತರದಲ್ಲಿ ಎರಡೆರಡಾಗಿ ಕೇಳಿಸಿದರೆ ವೇಗ ಸರಿಯಾಗಿದೆ, ಬಿಟ್ಟ ಗಳಿಗೆ ಮಾತ್ರ ತಪ್ಪಿದೆ, ಜಾಗ್ ವೀಲನ್ನು (ಹಾಡನ್ನು ಹಿಂದೆ ಮುಂದೆ ಜರುಗಿಸುವ ದುಂಡು ಚಕ್ರವನ್ನು) ಸ್ವಲ್ಪ ತಳ್ಳಿದ್ದರೆ ಮುಗಿಯುತ್ತಿತ್ತು. ಶುರುವಿನಲ್ಲಿ ಸರಿಯಿದ್ದು ಬರುಬರುತ್ತಾ ಅಂತರ ಹೆಚ್ಚಾದರೆ ವೇಗವೇ ಬೇರೆ ಇದೆ. ಒಂದು 128.0, ಇನ್ನೊಂದು 128.1 ಇದ್ದರೂ ಸಾಕು, ಒಂದು ನಿಮಿಷಕ್ಕೆ ಬೀಟಿನ ಹತ್ತನೇ ಒಂದು ಭಾಗ, ಅಂದರೆ ಸುಮಾರು 47 ಮಿಲಿಸೆಕೆಂಡ್ ದೂರವಾಗಿಬಿಡುತ್ತವೆ. ಅಷ್ಟು ಕಿವಿಗೆ ಚೆನ್ನಾಗಿಯೇ ಕೇಳಿಸುತ್ತದೆ.

ಬೀಟ್ ತಾನಾಗಿಯೇ ಹೊಂದಿಸುವ ಸಿಂಕ್ ಬಟನ್ ಬಳಸಿಯೂ ಜಾರಿದ್ದರೆ ಸಾಮಾನ್ಯವಾಗಿ ಬೀಟ್‌ಗ್ರಿಡ್ (ಹಾಡಿನ ಬೀಟ್ ಎಲ್ಲೆಲ್ಲಿದೆ ಅಂತ ಸಾಫ್ಟ್‌ವೇರ್ ಎಳೆದ ಗೆರೆಗಳು) ತಪ್ಪಾಗಿದೆ ಅಂತ ಅರ್ಥ. ಕನ್ನಡದ ಹಳೆಯ ಚಿತ್ರಗೀತೆ ಹಾಕುವವರಿಗೆ ಇದು ದಿನಾ ಕಾಡುವ ತೊಂದರೆ. 70, 80ರ ದಶಕದ ಹಾಡುಗಳಲ್ಲಿ ವಾದ್ಯದವರೆಲ್ಲ ಕೂತು ನುಡಿಸಿದ್ದರಿಂದ ವೇಗ ಅಲ್ಲಲ್ಲಿ ಉಸಿರಾಡುತ್ತದೆ. ಸಾಫ್ಟ್‌ವೇರ್ ಮಾತ್ರ ಎಷ್ಟೋ ಸಲ ಉದ್ದಕ್ಕೂ ಒಂದೇ ವೇಗ ಅಂತ ಗೆರೆ ಎಳೆದಿರುತ್ತದೆ. ಅಂಥ ಹಾಡಿನ ಮೇಲೆ ಒಂದು ನಿಮಿಷ ಉದ್ದದ ಬ್ಲೆಂಡ್ (ಎರಡೂ ಹಾಡನ್ನು ಒಟ್ಟಿಗೆ ಓಡಿಸುವುದು) ಮಾಡಲು ಹೊರಟವರಿಗೆ "ಇಲ್ಲಿ ಚಿಕ್ಕದಾಗಿ ಮುಗಿಸು, ಹಾಡಿನ 4 ಬೀಟ್ ಲೂಪ್ ಹಿಡಿದುಕೊಂಡು ಹೊಸದಕ್ಕೆ ದಾಟು, ಇಲ್ಲವೇ ಸಾಲು ಮುಗಿದ ತಕ್ಷಣ ಕಟ್ ಮಾಡು" ಅಂತ ಹೇಳಿದರೆ ಎಷ್ಟೋ ತಲೆನೋವು ತಪ್ಪುತ್ತದೆ. ಸಿಂಕ್ ಇನ್ನೊಂದು ಆಸೆಯನ್ನೂ ಹುಟ್ಟಿಸುತ್ತದೆ: 100 ಬೀಟ್‌ನ ಸಿನಿಮಾ ಹಾಡನ್ನು 128ರ ಹೌಸ್ ಮೇಲೆ ಕೂರಿಸುವುದು. ಅದು ವೇಗವನ್ನು 28 ಪರ್ಸೆಂಟ್ ಏರಿಸಿದ ಹಾಗೆ. ಟೆಕ್ನಿಕ್ಸ್ ಎಸ್‌ಎಲ್-1200 ಟರ್ನ್‌ಟೇಬಲ್‌ನ ವೇಗ ಬದಲಿಸುವ ಪಿಚ್ ಸ್ಲೈಡರ್ 8 ಪರ್ಸೆಂಟ್ ಮೇಲೆ, 8 ಪರ್ಸೆಂಟ್ ಕೆಳಗೆ ಹೋಗುತ್ತಿತ್ತು. ಇಂದಿಗೂ ಆ ಮಿತಿಯೊಳಗೆ ಹಾಡು ಆರಿಸಿಕೊಳ್ಳುವುದು ಒಳ್ಳೆಯ ಅಭ್ಯಾಸ. ಅದನ್ನು ದಾಟಿ ತುಂಬಾ ದೂರ ಹೋದರೆ ಕೀ ಲಾಕ್ (ವೇಗ ಬದಲಾದರೂ ಶ್ರುತಿ ಬದಲಾಗದಂತೆ ಹಿಡಿಯುವ ಬಟನ್) ಹಾಕಿದ್ದರೂ ಹಾಡುಗಾರರ ದನಿ ಕೆಡುತ್ತದೆ.

ಇಷ್ಟಾದರೂ ಸಿಂಕ್ ಬಳಸಿದ್ದಕ್ಕೆ ಯಾರನ್ನೂ ಹೀಯಾಳಿಸಬೇಡಿ. ಮಿಕ್ಸ್ ಕೇಳುವವರಿಗೆ ಬೇಕಾದದ್ದು ಸದ್ದು, ಯಾವ ಬಟನ್ ಒತ್ತಿದರು ಅನ್ನುವುದಲ್ಲ. ಕಿವಿಯಿಂದ ಸರಿ ಮಾಡಲು ಕಲಿತರೆ ಗ್ರಿಡ್ ಕೈಕೊಟ್ಟಾಗ ಒದಗುತ್ತದೆ ಅಂತ ಹೇಳಿ, ಆ ಮಾತು ಯಾರಿಗೂ ನೋವು ಮಾಡುವುದಿಲ್ಲ.

ಕೀ (ಹಾಡಿನ ಶ್ರುತಿ) ಬಗ್ಗೆ, ಎರಡು ಹಾಡು ಕಿವಿಗೆ ಶ್ರುತಿ ಸೇರದೆ ಕೇಳಿಸಿದರೆ ಮಾತ್ರ ಮಾತಾಡಿ. ಯಾವ ಕೀಗೆ ಯಾವುದು ಹೊಂದುತ್ತದೆ ಅಂತ ತೋರಿಸುವ ಕ್ಯಾಮಲಾಟ್ ಚಕ್ರದಲ್ಲಿ 8ಎ ಇದ್ದರೆ 7ಎ, 9ಎ, 8ಬಿ ಸೇರುತ್ತವೆ ಅನ್ನುವುದು ಒಳ್ಳೆಯ ದಾರಿ, ಆದರೆ ಸಾಫ್ಟ್‌ವೇರ್ ಕೀಯನ್ನು ತಪ್ಪಾಗಿ ಗುರುತಿಸುವುದೂ ಇದೆ. ಬರೀ ಡ್ರಮ್ ಇರುವ ಜಾಗದಲ್ಲಿ ದಾಟಿದ್ದರೆ ಕೀ ವಿಷಯ ಎತ್ತುವುದೇ ಬೇಡ.

ಎಫೆಕ್ಟ್: ಪ್ರತಿ ಸಲ ಹಾಡು ಬದಲಾಗುವಾಗಲೂ ಎಕೋ, ಫಿಲ್ಟರ್ ಕೇಳಿಸಿದರೆ, ಒಂದು ಮಿಕ್ಸನ್ನು ಎಫೆಕ್ಟ್ ಮುಟ್ಟದೆ ರೆಕಾರ್ಡ್ ಮಾಡಲು ಹೇಳಿ. ದಾಟುವಿಕೆ ಬರಿಗೈಯಲ್ಲಿ ಹೇಗಿದೆ ಅಂತ ಅವರಿಗೇ ಗೊತ್ತಾಗುತ್ತದೆ.

ಹಾಡಿನ ಆಯ್ಕೆ ಬಂದಾಗ ಮಾತ್ರ ನಾಲಿಗೆ ಬಿಗಿ ಹಿಡಿಯಿರಿ. "ಈ ಹಾಡು ನನಗೆ ಇಷ್ಟ ಇಲ್ಲ" ಅನ್ನುವುದು ನಿಮ್ಮ ರುಚಿಯ ವಿಷಯ, ಅವರ ಮಿಕ್ಸ್‌ನ ವಿಷಯ ಅಲ್ಲ. ಆದರೆ ಹಾಡುಗಳ ಕ್ರಮ ಬೇರೆ. 22ನೇ ನಿಮಿಷಕ್ಕೆ ಏರಿಸಿದ್ದನ್ನು 26ಕ್ಕೆ ಯಾಕೆ ಕೆಳಗೆ ಬಿಟ್ಟರು ಅಂತ ಅನ್ನಿಸಿದರೆ ತೀರ್ಪು ಕೊಡದೆ ಕೇಳಿ: "ಇಲ್ಲಿ ಇಳಿಸಿದ್ದು ಬೇಕಂತಲೇನಾ?" ಬೇಕಂತಲೇ ಇಳಿಸಿದ್ದರೆ ಅವರ ಹತ್ತಿರ ಉತ್ತರ ಇರುತ್ತದೆ, ಅದು ನಿಮಗೇ ಹೊಸದಾಗಿರಬಹುದು. ಇಲ್ಲದಿದ್ದರೆ ಅವರೇ ಯೋಚನೆಗೆ ಬೀಳುತ್ತಾರೆ.

ಬರೆದಿಟ್ಟುಕೊಂಡದ್ದು ಹದಿನೈದು ಇದ್ದರೂ ಕಳಿಸುವುದು ಎರಡೇ ಇರಲಿ. ಹದಿನೈದನ್ನೂ ಒಟ್ಟಿಗೆ ಓದಿದವರು ಮುಂದಿನ ಮಿಕ್ಸ್ ಕಳಿಸುವುದೇ ಇಲ್ಲ. ಜಾಸ್ತಿ ಸಲ ಮರುಕಳಿಸಿದ ತೊಂದರೆ ಯಾವುದೋ ಅದನ್ನು ಮೊದಲು ಆರಿಸಿ. ಚೆನ್ನಾಗಿದ್ದದ್ದನ್ನೂ ಹೀಗೇ ನಿಮಿಷ ಸಮೇತ ಹೇಳಬೇಕು: "7:30 ತುಂಬಾ ಹಿಡಿಸಿತು, ಹಳೇ ಹಾಡಿನ ದನಿ ನಿಂತ ಮೇಲೆ ಎರಡು ಬಾರ್ ಖಾಲಿ ಬಿಟ್ಟು ಹೊಸದರ ದನಿ ತಂದೆ, ಅದಕ್ಕೇ ಅಷ್ಟು ಹಗುರವಾಗಿ ದಾಟಿತು." ಯಾಕೆ ಚೆನ್ನಾಗಿತ್ತು ಅಂತ ಗೊತ್ತಾದರೆ ಅದನ್ನೇ ಇನ್ನೊಮ್ಮೆ ಮಾಡಬಹುದು, ಅಲ್ವಾ?

ಇದನ್ನೆಲ್ಲ ವಾಟ್ಸಾಪ್ ಗ್ರೂಪ್‌ನಲ್ಲಿ ನಾಲ್ಕು ಜನರ ಮುಂದೆ ಹಾಕಬೇಡಿ, ಅವರೊಬ್ಬರಿಗೇ ಕಳಿಸಿ. ವಾಯ್ಸ್ ನೋಟ್ ಇನ್ನೂ ಒಳ್ಳೆಯದು, ಬೀಟ್ ಎಲ್ಲಿ ಬೀಳಬೇಕಿತ್ತು ಅಂತ ಮೇಜು ತಟ್ಟಿ ತೋರಿಸಬಹುದು. ಪರಿಚಯ ಇಲ್ಲದವರಾದರೆ ಏಕವಚನ ಬೇಡ, "ನೀವು" ಅಂತಲೇ ಬರೆಯಿರಿ. ಗೆಳೆಯರ ನಡುವೆ ನಡೆಯುವ ಸಲಿಗೆ ಹೊಸಬರಿಗೆ ಗದರಿದ ಹಾಗೆ ಕೇಳಿಸುತ್ತದೆ.

ಆಮೇಲೆ ಇನ್ನೊಂದು ಗಂಟೆಯ ಹೊಸ ಮಿಕ್ಸ್ ಕೇಳಬೇಡಿ. ನೀವು ಹೇಳಿದ ಆ ಒಂದು ದಾಟುವಿಕೆಯನ್ನು ಮಾತ್ರ ಮತ್ತೆ ಮಾಡಿ, ಮೂರು ನಿಮಿಷದ ಕ್ಲಿಪ್ ಕಳಿಸಲು ಹೇಳಿ. ಹಳೆಯದನ್ನೂ ಹೊಸದನ್ನೂ ಒಂದರ ಹಿಂದೆ ಒಂದು ಅವರಿಗೇ ಕೇಳಿಸಿ, ಏನು ಬದಲಾಯಿತು ಅಂತ ಮೊದಲು ಅವರ ಬಾಯಿಂದಲೇ ಹೇಳಿಸಿ. ಸರಿಯಾಗಿ ಗುರುತಿಸಿದರೆ ಪಟ್ಟಿಯಲ್ಲಿ ಉಳಿದಿರುವ ಮೂರನೇ ವಿಷಯಕ್ಕೆ ಹೋಗಿ. ಗುರುತಿಸಲು ಆಗದಿದ್ದರೆ ಅದೇ ಎರಡು ಹಾಡನ್ನು ಇಟ್ಟುಕೊಂಡು ಒಂದು ಸಂಜೆ ಪಕ್ಕದಲ್ಲಿ ಕೂತು ಒಟ್ಟಿಗೆ ಎಣಿಸಿ.