ಬಣ್ಣ ಬಿಡಿ, ಹರಳು ನೋಡಿ: ಅಗ್ನಿಶಿಲೆಯನ್ನು ಓದುವ ಬಗೆ

ಹುಬ್ಬಳ್ಳಿಯ ಅಂಗಡಿಗಳಲ್ಲಿ ಅಡುಗೆಕಟ್ಟೆಗೆಂದು ಮಾರುವ ಕರಿ ಹಲಗೆಗಳಿಗೆಲ್ಲ ಗ್ರಾನೈಟ್ ಎಂದೇ ಹೆಸರು. ಅವುಗಳಲ್ಲಿ ಬಹುಪಾಲು ಡಾಲರೈಟ್ ಅಥವಾ ಗ್ಯಾಬ್ರೋ ಎಂಬ ಬೇರೆ ಕಲ್ಲುಗಳು. ಬಣ್ಣ ನೋಡಿ ಹೆಸರಿಡುವ ಈ ಅಭ್ಯಾಸವನ್ನು ಮೊದಲು ಬಿಡಬೇಕು. ಕರಗಿದ ಶಿಲಾಪಾಕ ಆರಿ ಗಟ್ಟಿಯಾದ ಕಲ್ಲೇ ಅಗ್ನಿಶಿಲೆ; ಆ ಪಾಕ ಎಷ್ಟು ನಿಧಾನವಾಗಿ ಆರಿತು ಎಂಬುದನ್ನು ಹೇಳುವುದು ಹರಳಿನ ಗಾತ್ರ.

1. ಕಲ್ಲು ಆಯ್ದುಕೊಳ್ಳಿ. ರಸ್ತೆ ಬದಿಯ ಖಡಿ ರಾಶಿ ಸಾಕು. ಗುಡಿಗಳ ಬಳಿ, ಕಪ್ಪತಗುಡ್ಡದ ವನ್ಯಧಾಮದಲ್ಲಿ ಸುತ್ತಿಗೆ ಎತ್ತಲೇಬೇಡಿ.

2. ಗೋಣಿಚೀಲದಲ್ಲಿ ಸುತ್ತಿ, ಕಣ್ಣಿಗೆ ಕನ್ನಡಕ ಹಾಕಿ ಒಡೆಯಿರಿ. ಮಳೆ ಬಿಸಿಲಿಗೆ ಕೊಳೆತ ಹೊರಮೈ ಏನನ್ನೂ ಹೇಳದು.

3. ಹರಳು ನೋಡಿ. ಎಲ್ಲರೂ ಎಡವುವುದು ಇಲ್ಲಿಯೇ. ಹತ್ತು ಪಟ್ಟು ಹಿಗ್ಗಿಸುವ ಗಾಜಿನ ಮಸೂರ ಬೇಕು; ಅರವತ್ತು ಪಟ್ಟು ಎಂದು ಬರೆದ ಅಗ್ಗದ ಮಸೂರಗಳನ್ನು ಕೊಳ್ಳಬೇಡಿ, ಅವುಗಳಲ್ಲಿ ಮಸುಕೇ ಹೆಚ್ಚು. ಮಸೂರವನ್ನು ಕಣ್ಣಿಗೆ ಹತ್ತಿರ ಹಿಡಿದು, ಕಲ್ಲನ್ನು ಅದರತ್ತ ತನ್ನಿ. ಸುಮಾರು ಎರಡೂವರೆ ಸೆಂಟಿಮೀಟರ್ ಅಂತರದಲ್ಲಿ ಚಿತ್ರ ನಿಚ್ಚಳವಾಗುತ್ತದೆ. ಬಿಸಿಲಿನಲ್ಲಿ ಕಲ್ಲನ್ನು ನಿಧಾನವಾಗಿ ಹೊರಳಿಸಿ. ಕನ್ನಡಿಯಂತೆ ಮಿಂಚಿ ಮಾಯವಾಗುವ ಚಪ್ಪಟೆ ಮುಖಗಳು ಫೆಲ್ಡ್‌ಸ್ಪಾರ್ ಎಂಬ ಖನಿಜದವು. ಒಡೆದ ಗಾಜಿನಂತಿರುವುದು ಬೆಣಚು.

ಗೌರಿ ಹುಣ್ಣಿಮೆಯ ಸಕ್ಕರೆ ಆರತಿ ನೆನೆಯಿರಿ. ತಿರುವಿದ ಪಾಕವನ್ನು ಅಚ್ಚಿಗೆ ಸುರಿದೊಡನೆ ಗಟ್ಟಿಯಾಗುತ್ತದೆ, ಕಣ ಕಾಣದಷ್ಟು ನುಣುಪು. ಕಲ್ಲುಸಕ್ಕರೆಯಾದರೋ ದಾರದ ಮೇಲೆ ದಿನಗಟ್ಟಲೆ ಬೆಳೆದು ದಪ್ಪ ಹರಳಾಗುತ್ತದೆ. ಸುಮಾರು 1,100 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೆಲದ ಮೇಲೆ ಹರಿದ ಲಾವಾರಸ ಬೇಗ ಆರಿ, ಬೆಳಗಾವಿ ವಿಜಯಪುರಗಳ ಕಡೆ ಕಾಣುವ ನಯವಾದ ಬಸಾಲ್ಟ್ ಆಯಿತು. ಅದು ಸುಮಾರು 6.6 ಕೋಟಿ ವರ್ಷಗಳ ಹಿಂದಿನ ಮಾತು. ಕಿಲೋಮೀಟರ್‌ಗಟ್ಟಲೆ ಆಳದಲ್ಲಿ ಲಕ್ಷಾಂತರ ವರ್ಷ ತಣಿದದ್ದು ಹಂಪಿಯ ಗ್ರಾನೈಟ್. ಬಿರುಕಿನಲ್ಲಿ ನುಗ್ಗಿ ನಿಂತ ಡಾಲರೈಟ್‌ನ ಹರಳು ಇವೆರಡರ ನಡುವಿನದು.

ನುಣುಪು ಕಲ್ಲಿನಲ್ಲಿ ಅಲ್ಲಲ್ಲಿ ದಪ್ಪ ಹರಳಿದ್ದರೆ ಆ ಪಾಕ ಎರಡು ಹಂತದಲ್ಲಿ ಆರಿದೆ: ಆಳದಲ್ಲಿ ಕೆಲವು ಹರಳು ಬೆಳೆದ ಮೇಲೆ ಉಳಿದದ್ದು ಮೇಲೆದ್ದು ಥಟ್ಟನೆ ಗಟ್ಟಿಯಾಗಿದೆ. ಬಿಳಿ ಚುಕ್ಕೆ ಕಂಡಕೂಡಲೇ ಹಾಗೆಂದು ತೀರ್ಮಾನಿಸಬೇಡಿ. ಲಾವಾರಸದಿಂದ ಅನಿಲ ಹೊರಟಾಗ ಉಳಿದ ಗುಳ್ಳೆಗಳಲ್ಲಿ ಆಮೇಲೆ ಬಿಳಿ ಖನಿಜ ತುಂಬಿಕೊಂಡಿರಬಹುದು. ಅಂಚು ನೇರವಾಗಿದ್ದರೆ ಹರಳು, ದುಂಡಗೆ ಅಥವಾ ಬಾದಾಮಿಯಂತಿದ್ದರೆ ತುಂಬಿದ ಗುಳ್ಳೆ.

4. ಮೊಳೆಯಿಂದ ಗೀರಿ. ಸುಲಭವಾಗಿ ಗೀರು ಬಿದ್ದರೆ ಅದು ಗ್ರಾನೈಟೂ ಅಲ್ಲ, ಕೊಳೆಯದ, ರೂಪ ಬದಲಾಗದ ಬಸಾಲ್ಟೂ ಅಲ್ಲ. ಲಕ್ಕುಂಡಿಯ ಗುಡಿಗಳ ಕಂಬಗಳನ್ನು ಕರಿ ಗ್ರಾನೈಟ್ ಎನ್ನುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಅದು ಕ್ಲೋರೈಟ್ ಶಿಸ್ಟ್, ಒತ್ತಡ ಶಾಖಗಳಿಂದ ರೂಪಾಂತರಗೊಂಡ ಮೆತ್ತನೆಯ ಕಲ್ಲು. ಅಷ್ಟು ಸೂಕ್ಷ್ಮ ಕೆತ್ತನೆಗೆ ಒದಗಿದ್ದು ಆ ಮೆದುತನವೇ.

5. ಹಸಿರು ಛಾಯೆಯ ಕಲ್ಲು ಸಿಕ್ಕರೆ ಮಸೂರವನ್ನು ಬದಿಗಿಟ್ಟು ಹಿಂದೆ ಸರಿಯಿರಿ. ಗದಗ ಸೀಮೆಯ ಹಳೆಯ ಬಸಾಲ್ಟ್‌ಗಳು ರೂಪಾಂತರಗೊಂಡು ಮೂಲ ಹರಳುಗಳನ್ನು ಬಹುಮಟ್ಟಿಗೆ ಕಳೆದುಕೊಂಡಿವೆ. ಆದರೂ ಕೆಲವೆಡೆ ಬಂಡೆಯ ಮೈಯಲ್ಲಿ ದಿಂಬುಗಳನ್ನು ಒಟ್ಟಿದಂಥ ಉಬ್ಬುಗಳು ಉಳಿದಿವೆ. ಲಾವಾರಸ ನೀರಿನಡಿ ಉಕ್ಕಿ, ಹೊರಮೈ ತಟ್ಟನೆ ಹೆಪ್ಪುಗಟ್ಟಿದಾಗ ಬರುವ ಆಕಾರ ಅದು. ಬಯಲುಸೀಮೆಯ ಆ ಗುಡ್ಡಗಳು ಒಮ್ಮೆ ನೀರಿನ ತಳದಲ್ಲಿದ್ದವು.