ಗ್ರಾಫಿನ ಮೂಲೆಗೆ ಲೋಗೊ ಕೂರಿಸುವ ಬಗೆ

ಸಹೋದ್ಯೋಗಿಯೊಬ್ಬರು ನಲವತ್ತು ಗ್ರಾಫ್‌ಗಳಿಗೆ ಮೌಸ್ ಹಿಡಿದು ಒಂದೊಂದಾಗಿ ಲೋಗೊ ಅಂಟಿಸಿದ್ದನ್ನು ಕಂಡಿದ್ದೇನೆ. ಸಂಜೆ ದತ್ತಾಂಶದಲ್ಲೇ ತಪ್ಪು ಸಿಕ್ಕಿ, ನಲವತ್ತನ್ನೂ ಮತ್ತೆ ಮಾಡಬೇಕಾಯಿತು. ಇಮೇಜ್‌ಮ್ಯಾಜಿಕ್ ಎಂಬ ಉಚಿತ ತಂತ್ರಾಂಶಕ್ಕೆ ಇದು ಟರ್ಮಿನಲ್‌ನಲ್ಲಿ, ಅಂದರೆ ಕಮಾಂಡುಗಳನ್ನು ಟೈಪಿಸುವ ಕಿಟಕಿಯಲ್ಲಿ, ಒಂದು ಸಾಲಿನ ಕೆಲಸ.

ಏಳನೇ ಆವೃತ್ತಿಯನ್ನೇ ಹಾಕಿಕೊಳ್ಳಿ. ಅದರಲ್ಲಿ ಕಮಾಂಡಿನ ಹೆಸರು ‘ಮ್ಯಾಜಿಕ್’ (magick). ಹಳೆಯ ಪಾಠಗಳನ್ನು ನಂಬಿ ವಿಂಡೋಸ್‌ನಲ್ಲಿ ‘ಕನ್ವರ್ಟ್’ ಎಂದು ಟೈಪಿಸಿದರೆ ಎದ್ದು ಬರುವುದು ಬೇರೆಯೇ ಪ್ರೋಗ್ರಾಂ: ಡಿಸ್ಕನ್ನು ಎನ್‌ಟಿಎಫ್‌ಎಸ್ ಎಂಬ ಫೈಲ್ ವ್ಯವಸ್ಥೆಗೆ ಬದಲಿಸುವಂಥದ್ದು.

ಗ್ರಾಫನ್ನೂ ಲೋಗೊವನ್ನೂ ಪಿಎನ್‌ಜಿ ರೂಪದಲ್ಲಿ ಇಟ್ಟುಕೊಳ್ಳಿ. ಜೆಪಿಇಜಿ ಲೋಗೊ ಬೇಡವೇ ಬೇಡ. ಅದಕ್ಕೆ ಪಾರದರ್ಶಕತೆ ಗೊತ್ತಿಲ್ಲ, ಬಿಳಿ ಚೌಕದ ಸಮೇತ ಬಂದು ಕೂರುತ್ತದೆ.

ಇನ್ನು ಎಲ್ಲರೂ ಎಡವುವ ಜಾಗ: ಕಮಾಂಡಿನಲ್ಲಿ ಪದಗಳ ಕ್ರಮ. ‘ಮ್ಯಾಜಿಕ್’ ಆದ ಮೇಲೆ ಗ್ರಾಫಿನ ಹೆಸರು, ಅನಂತರ ಲೋಗೊ. ಆಮೇಲೆ ‘-ಗ್ರಾವಿಟಿ ಸೌತ್‌ಈಸ್ಟ್’, ಅಂದರೆ ಕೆಳಗಿನ ಬಲಮೂಲೆ. ಬಳಿಕ ‘-ಜಿಯೊಮೆಟ್ರಿ’, ಅದರ ಮುಂದೆ 120, ಎಕ್ಸ್ ಅಕ್ಷರ, +20, +20 ಇವನ್ನು ನಡುವೆ ಜಾಗ ಬಿಡದೆ ಬರೆಯಿರಿ. ಮುಂದಿನದು ‘-ಕಾಂಪೋಸಿಟ್’, ಅಂದರೆ ಒಂದರ ಮೇಲೊಂದು ಕೂರಿಸು. ಕೊನೆಗೆ ಹೊಸ ಫೈಲಿನ ಹೆಸರು. ಲೋಗೊ 120 ಪಿಕ್ಸೆಲ್ ಅಗಲಕ್ಕೆ ಇಳಿದು, ಎರಡೂ ಅಂಚುಗಳಿಂದ 20 ಪಿಕ್ಸೆಲ್ ಒಳಗೆ ಕೂರುತ್ತದೆ. ಗ್ರಾವಿಟಿ ಮರೆತರೆ ಅಳತೆ ಮೇಲಿನ ಎಡಮೂಲೆಯಿಂದ ಶುರುವಾಗುತ್ತದೆ.

ಗ್ರಾಫ್ ಮತ್ತು ಲೋಗೊ ಅದಲುಬದಲಾದರೆ ಲೋಗೊದ ಮೇಲೆ ಅಂಚೆಚೀಟಿಯಂಥ ಗ್ರಾಫ್ ಕಾಣಿಸುತ್ತದೆ. ಈ ಗೊಂದಲಕ್ಕೆ ಕಾರಣವೂ ಇದೆ. ‘ಕಾಂಪೋಸಿಟ್’ ಎಂಬುದೇ ಪ್ರತ್ಯೇಕ ಕಮಾಂಡಾಗಿಯೂ ಉಂಟು. ಅಲ್ಲಿ ಲೋಗೊ ಮೊದಲು, ಗ್ರಾಫ್ ಆಮೇಲೆ. ಎರಡು ಪಾಠಗಳಿಂದ ಅರ್ಧರ್ಧ ನಕಲು ಮಾಡಿದವರ ಗತಿ ಹೇಳಬೇಕಿಲ್ಲ.

ಗಾತ್ರ ಇಳಿಸಲು ‘-ರೀಸೈಜ್’ ಹಾಕುವುದು ಇನ್ನೊಂದು ಅವಾಂತರ. ಎರಡು ಹೆಸರುಗಳ ನಂತರ ಅದನ್ನು ಬರೆದರೆ ಗ್ರಾಫೂ ಕುಗ್ಗುತ್ತದೆ, ಏಕೆಂದರೆ ಅದು ಅಷ್ಟರವರೆಗೆ ಓದಿದ ಚಿತ್ರಗಳೆಲ್ಲಕ್ಕೂ ಅನ್ವಯಿಸುತ್ತದೆ. ‘ಜಿಯೊಮೆಟ್ರಿ’ ಮುಟ್ಟುವುದು ಕೊನೆಯ ಚಿತ್ರವನ್ನು ಮಾತ್ರ.

ಲೋಗೊ ಎಸ್‌ವಿಜಿಯಲ್ಲಿದ್ದರೆ (ಪಿಕ್ಸೆಲ್ ಬದಲು ಆಕಾರಗಳಾಗಿ ಉಳಿಸಿದ ಚಿತ್ರ) ಹಿನ್ನೆಲೆ ಪಾರದರ್ಶಕವಾಗಿರಲು ‘-ಬ್ಯಾಕ್‌ಗ್ರೌಂಡ್ ನನ್’ (none) ಮತ್ತು ಚಿತ್ರ ಸ್ಪಷ್ಟವಾಗಿರಲು ‘-ಡೆನ್ಸಿಟಿ 300’ ಎರಡನ್ನೂ ಅದರ ಹೆಸರಿಗಿಂತ ಮುಂಚೆ ಬರೆಯಿರಿ. ಓದಿಯಾದ ಮೇಲೆ ಹೇಳಿದರೆ ಅದು ಕೇಳುವುದಿಲ್ಲ.

ಮೂಲೆಯ ಆಯ್ಕೆ ನಿಮ್ಮದು, ಆದರೆ ಗ್ರಾಫ್ ಬಿಡಿಸಲು ಗ್ನೂಪ್ಲಾಟ್ ತಂತ್ರಾಂಶ ಬಳಸುವವರು ಮೇಲಿನ ಬಲಮೂಲೆಯ ಗೊಡವೆಗೆ ಹೋಗಬೇಡಿ. ಗೆರೆಗಳ ವಿವರಣೆಯನ್ನು ಅದು ತಾನಾಗಿ ಬರೆಯುವುದು ಅಲ್ಲೇ. ಗ್ರಾಫ್ ಬಿಡಿಸುವಾಗಲೇ ಅಂಚಿನಲ್ಲಿ ಖಾಲಿ ಜಾಗ ಬಿಡುವುದು ಎಲ್ಲಕ್ಕಿಂತ ಮೇಲು. ಲೋಗೊದ ಅಗಲ ಗ್ರಾಫಿನ ಹತ್ತನೇ ಒಂದು ಭಾಗವನ್ನು ಮೀರಬಾರದು. ಮಧ್ಯದಲ್ಲಿ ಮಸುಕಾಗಿ ಹಾಸುವ ಚಾಳಿಯಂತೂ ನನಗೆ ಸಹಿಸಲಾಗದು. ಓದುಗರು ನೋಡಬೇಕಾದದ್ದು ಗೆರೆಗಳನ್ನು.

ಒಂದು ಗ್ರಾಫ್ ಸರಿಬಂದ ಮೇಲೆ ಅದೇ ಸಾಲನ್ನು ಲೂಪ್‌ಗೆ ಹಾಕಿ (ಪ್ರತಿ ಫೈಲಿಗೂ ತಾನಾಗಿ ಮರುಕಳಿಸುವಂತೆ), ಫಲಿತಾಂಶ ಬೇರೆ ಫೋಲ್ಡರಿಗೆ ಹೋಗುವಂತೆ ಮಾಡಿ. ಇಮೇಜ್‌ಮ್ಯಾಜಿಕ್‌ನದೇ ಇನ್ನೊಂದು ಕಮಾಂಡಾದ ‘ಮೊಗ್ರಿಫೈ’ ಬಳಸಿದರೆ ಬೇಗ ಮುಗಿಯುತ್ತದೆ ಎನ್ನುವವರ ಮಾತು ಕೇಳಬೇಡಿ. ‘-ಪಾತ್’, ಅಂದರೆ ಫಲಿತಾಂಶ ಹೋಗಬೇಕಾದ ಫೋಲ್ಡರು, ಕೊಡಲು ಮರೆತ ದಿನ ಅದು ಮೂಲ ಫೈಲನ್ನೇ ಅಳಿಸಿ ಬರೆಯುತ್ತದೆ, ಗ್ರಾಫ್‌ಗಳನ್ನು ಮತ್ತೆ ಬಿಡಿಸುತ್ತ ಕೂರುವವರು ನೀವು.