ಸ್ಲ್ಯಾಬ್ ಮೇಲಿನ ನಂಬರ್ ಒಂದೇ, ನಾನು ಕೊಡುವ ಬೆಲೆ ಬೇರೆ ಬೇರೆ

ವಾರವೆಲ್ಲ ಆಫೀಸು, ಶನಿವಾರ ಭಾನುವಾರ ನ್ಯೂಜೆರ್ಸಿಯ ನಾಣ್ಯ ಮೇಳಗಳಲ್ಲಿ ನನ್ನದೊಂದು ಟೇಬಲ್. ಅಮೆರಿಕದ ಹಳೆಯ ಬೆಳ್ಳಿ ಡಾಲರ್‌ಗಳನ್ನು ಕೊಳ್ಳುತ್ತೇನೆ, ಮಾರುತ್ತೇನೆ. ಮಾರುವುದಕ್ಕಿಂತ ಕೊಳ್ಳುವುದೇ ಕಷ್ಟ. ಎದುರಿಗೆ ಕೂತವರು ಎಷ್ಟೋ ವರ್ಷ ಜೋಪಾನ ಮಾಡಿದ್ದನ್ನು ತಂದಿರುತ್ತಾರೆ, ನಾನು ಹೇಳುವ ಬೆಲೆ ಅವರ ಮನಸ್ಸಿನಲ್ಲಿರುವುದಕ್ಕಿಂತ ಹೆಚ್ಚುಕಮ್ಮಿ ಯಾವಾಗಲೂ ಕಡಿಮೆಯೇ ಇರುತ್ತದೆ. ಅದಕ್ಕೆ ಈಗ ಲೆಕ್ಕವನ್ನು ಅವರ ಎದುರಿಗೇ ಹಾಕುತ್ತೇನೆ.

ಹೋದ ಚಳಿಗಾಲದಲ್ಲಿ ಎಡಿಸನ್‌ನಿಂದ ಹಿರಿಯರೊಬ್ಬರು ಬಂದರು. ಮೂಲ ಮೈಸೂರು, ಎಂಬತ್ತರ ಆಸುಪಾಸು. ನೀಲಿ ಡಬ್ಬಿಯಲ್ಲಿ ಇಪ್ಪತ್ತು ಸ್ಲ್ಯಾಬ್, ಅಂದರೆ ಪಿಸಿಜಿಎಸ್‌ನಂಥ ಕಂಪನಿ 70ರವರೆಗಿನ ಅಂಕದಲ್ಲಿ ಗ್ರೇಡ್ ಮಾಡಿ ಪ್ಲಾಸ್ಟಿಕ್‌ನಲ್ಲಿ ಸೀಲ್ ಮಾಡಿದ ನಾಣ್ಯಗಳು. ಎಲ್ಲಾ ಮಾರ್ಗನ್ ಅನ್ನುವ ಹಳೆಯ ಬೆಳ್ಳಿ ಡಾಲರ್. "ಒಂದು ಬಿಟ್ಟು ಎಲ್ಲಾ 65 ಕಣಪ್ಪಾ, ಪಿಸಿಜಿಎಸ್ ಮಾಡಿರೋದು" ಅಂತ ಬೆಲೆಪಟ್ಟಿಯ ಪ್ರಿಂಟ್ ಕೂಡ ಮುಂದಿಟ್ಟರು. ಆ ಪಟ್ಟಿಯಲ್ಲಿರುವುದು ಅಂಗಡಿಯಲ್ಲಿ ಗಿರಾಕಿ ಕೊಡುವ ಬೆಲೆ. ನಾವು ಡೀಲರ್‌ಗಳು ನೋಡುವುದು ಗ್ರೇಶೀಟ್. 1963ರಿಂದ ಬರುತ್ತಿದೆ, ಡೀಲರ್ ಡೀಲರ್ ನಡುವಿನ ಸಗಟು ಬೆಲೆ ಅದರಲ್ಲಿರುತ್ತದೆ. ನನ್ನ ಲೆಕ್ಕ ಶುರುವಾಗುವುದು ಅಲ್ಲಿಂದ, ಅದನ್ನೇ ಫೋನ್‌ನಲ್ಲಿ ತೆಗೆದು ಅವರಿಗೆ ತೋರಿಸಿದೆ.

ಮೊದಲು ಸ್ಲ್ಯಾಬ್‌ನ ಸರ್ಟಿಫಿಕೇಟ್ ನಂಬರನ್ನು ಗ್ರೇಡಿಂಗ್ ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿ ನೋಡುತ್ತೇನೆ. ನಕಲಿ ಸ್ಲ್ಯಾಬ್‌ಗಳು ಬರುತ್ತವೆ, ನಂಬರ್ ಸರಿಯಿದ್ದು ಒಳಗಿನ ನಾಣ್ಯವೇ ಬೇರೆ ಇರುವುದೂ ಉಂಟು.

ಆಮೇಲೆ, ಇದನ್ನು ಯಾರಿಗೆ ಮಾರುತ್ತೇನೆ, ಎಷ್ಟು ದಿನ ಹಿಡಿಯುತ್ತದೆ? ಅವರ ಡಬ್ಬಿಯಲ್ಲಿ ಒಂಬತ್ತು ನಾಣ್ಯ 1881-ಎಸ್, ಸ್ಯಾನ್ ಫ್ರಾನ್ಸಿಸ್ಕೋ ಟಂಕಸಾಲೆಯವು. ನೋಡಲು ಚೆಂದ, ಆದರೆ 65 ಗ್ರೇಡ್‌ನಲ್ಲೇ ಹತ್ತಾರು ಸಾವಿರ ಇವೆ. ಇಂಥದ್ದು ಅಪರೂಪವಲ್ಲದಿದ್ದರೂ ಬೇಗ ಹೋಗುತ್ತದೆ, ಹಾಗಾಗಿ ಸಗಟು ಬೆಲೆಯ ನೂರಕ್ಕೆ ತೊಂಬತ್ತರವರೆಗೂ ಕೊಡುತ್ತೇನೆ. ಆರು ತಿಂಗಳು ಡಬ್ಬಿಯಲ್ಲೇ ಕೂರುವಂಥದ್ದಕ್ಕೆ ಎಪ್ಪತ್ತೈದು ದಾಟುವುದಿಲ್ಲ, ಯಾಕೆಂದರೆ ಅಷ್ಟು ದಿನ ಸಿಕ್ಕಿಕೊಳ್ಳುವುದು ನನ್ನ ದುಡ್ಡು. ಕೆಳಗಿನ ಮಿತಿ ಬೆಳ್ಳಿ: ಒಂದು ಮಾರ್ಗನ್‌ನಲ್ಲಿ 0.7734 ಟ್ರಾಯ್ ಔನ್ಸ್ ಬೆಳ್ಳಿ ಇದೆ, ಸವೆದ ಮಾಮೂಲಿ ನಾಣ್ಯದ ಬೆಲೆ ಅದರ ಜೊತೆಗೇ ಏರಿಳಿಯುತ್ತದೆ.

ಅವರಿಗೆ ಬೇಜಾರಾಗಿದ್ದು ಮುಂದಿನದಕ್ಕೆ. ಎರಡು 1881-ಎಸ್ ಪಕ್ಕಪಕ್ಕ ಇಟ್ಟು, ಒಂದಕ್ಕೆ ಜಾಸ್ತಿ, ಇನ್ನೊಂದಕ್ಕೆ ಕಡಿಮೆ ಹೇಳಿದೆ. "ಎರಡೂ 65 ಅಲ್ವೇನಪ್ಪಾ?" ಅಂದರು. ಸರ್, ಇಲ್ಲಿ ಬನ್ನಿ ಅಂತ ಟೇಬಲ್ ಲ್ಯಾಂಪ್ ಕೆಳಗೆ ನಾಣ್ಯವನ್ನು ನಿಧಾನಕ್ಕೆ ಓರೆ ಮಾಡಿದೆ. ಮಾರ್ಗನ್‌ನಲ್ಲಿ ಎಲ್ಲರ ಕಣ್ಣು ಮೊದಲು ಹೋಗುವುದು ಅದರ ಮೇಲಿರುವ ಲಿಬರ್ಟಿ ಅನ್ನುವ ಹೆಣ್ಣಿನ ಮುಖದ ಕೆನ್ನೆಗೆ. ಒಂದರಲ್ಲಿ ಕೆನ್ನೆ ಹಾಲಿನ ಕೆನೆ ಹಾಗೆ ನುಣುಪು, ಬೆಳಕು ಗಿರ್ರನೆ ಸುತ್ತುತ್ತಿತ್ತು. ಇನ್ನೊಂದರಲ್ಲಿ ಕಣ್ಣಿನ ಕೆಳಗೇ ಒಂದು ಗೀರು, ಚೀಲದಲ್ಲಿ ಬೇರೆ ನಾಣ್ಯ ತಾಗಿ ಆದದ್ದು. ಗ್ರೇಡ್ ಒಂದೇ ಇರಬಹುದು, ಆದರೆ ಕೊಳ್ಳುವವನು ಮೊದಲನೆಯದನ್ನು ಎತ್ತಿಕೊಳ್ಳುತ್ತಾನೆ, ಎರಡನೆಯದನ್ನು ವಾಪಸ್ ಇಡುತ್ತಾನೆ. ಅವರು ಕನ್ನಡಕ ತೆಗೆದು ಲೂಪ್, ಅಂದರೆ ಸಣ್ಣ ಭೂತಗನ್ನಡಿ, ಹಿಡಿದು ತುಂಬಾ ಹೊತ್ತು ನೋಡಿದರು, ಮಾತಾಡಲಿಲ್ಲ.

ಇದನ್ನು ನಾನು ಕಲಿತದ್ದು ದುಡ್ಡು ಕಳೆದುಕೊಂಡೇ. ಶುರುವಿನಲ್ಲಿ ಒಬ್ಬರಿಂದ ಲೇಬಲ್ ಮಾತ್ರ ನೋಡಿ ಒಂದು ನಾಣ್ಯ ಕೊಂಡೆ. ಮನೆಗೆ ಬಂದು ನೋಡಿದರೆ ಅಕ್ಷರಗಳ ಸಂದಿಯಲ್ಲಿ ತೆಳು ಹಸಿರು ಪಸೆ. ಹಳೆಯ ಪ್ಲಾಸ್ಟಿಕ್ ಕವರಿನಿಂದ ಬಂದದ್ದು, ಬಿಟ್ಟರೆ ಬೆಳ್ಳಿಯನ್ನೇ ತಿನ್ನುತ್ತದೆ. ಎಂಟು ತಿಂಗಳಾದ ಮೇಲೆ ನಷ್ಟಕ್ಕೆ ಮಾರಿದೆ.

ಎಡಿಸನ್‌ನ ಹಿರಿಯರು ಇವನ್ನೆಲ್ಲ ಕೊಂಡಿದ್ದು 1989ರಲ್ಲಿ. ಸ್ಲ್ಯಾಬ್ ಬಂದು ಮೂರೇ ವರ್ಷ, ವಾಲ್‌ಸ್ಟ್ರೀಟ್ ದುಡ್ಡು ನಾಣ್ಯಕ್ಕೆ ಹರಿದುಬರುತ್ತದೆ ಅಂತ ಬೆಲೆ ಆಕಾಶಕ್ಕೇರಿತ್ತು, ಮರುವರ್ಷ ಬಿತ್ತು. ಅವರು ಕೊಟ್ಟದ್ದರಲ್ಲಿ ಕಾಲು ಭಾಗವೂ ಕೆಲವಕ್ಕೆ ಬರಲಿಲ್ಲ. ಆ ಮಾತು ಹೇಳುವಾಗ ನನಗೂ ಗಂಟಲು ಕಟ್ಟಿತು. ಆದರೆ ಅವರ ನಾಲ್ಕು ಸ್ಲ್ಯಾಬ್ ಆ ಕಾಲದ ಚಿಕ್ಕವು, ಅಲ್ಲಾಡಿಸಿದರೆ ಒಳಗೆ ನಾಣ್ಯ ಟಕಟಕ ಅನ್ನುತ್ತದೆ, ಅದಕ್ಕೇ ಇಲ್ಲಿ ಅವನ್ನು ರ‍್ಯಾಟ್ಲರ್ ಅನ್ನುತ್ತಾರೆ. ಆಗ ಗ್ರೇಡಿಂಗ್ ಬಿಗಿಯಿತ್ತು ಅಂತ ಸಂಗ್ರಾಹಕರು ಅವಕ್ಕೆ ಹೆಚ್ಚು ಕೊಡುತ್ತಾರೆ. ನಾನೂ ಕೊಟ್ಟೆ.

ಉಳಿದದ್ದು ಒಂದು 1884-ಎಸ್, ಗ್ರೇಡ್ 58. 1884-ಎಸ್ ಸವೆದ ಸ್ಥಿತಿಯಲ್ಲಿ ಬೇಕಾದಷ್ಟು ಸಿಗುತ್ತದೆ, ಒಂದು ಚೂರೂ ಸವೆಯದ್ದು ಬಲು ಅಪರೂಪ. ಸವೆಯದ ನಾಣ್ಯದ ಗ್ರೇಡ್ ಶುರುವಾಗುವುದು 60ರಿಂದ, ಹಾಗಾಗಿ 58ಕ್ಕೂ 60 ದಾಟಿದ್ದಕ್ಕೂ ನಡುವೆ ಸಾವಿರಾರು ಡಾಲರ್ ಅಂತರ. ಕಿವಿಯ ಮೇಲಿನ ಕೂದಲು, ಹದ್ದಿನ ಎದೆ, ಎರಡು ಕಡೆಯೂ ಸವೆತದ ಸಣ್ಣ ಮಂಕು ಕಂಡಿತು. ಗ್ರೇಡಿಂಗ್‌ಗೆ ಮತ್ತೆ ಕಳಿಸಿದರೆ ಗ್ರೇಡ್ ಏರಬಹುದು ಅನ್ನುವ ಆಸೆಗೆ ನಾನು ದುಡ್ಡು ಕೊಡುವುದಿಲ್ಲ. ಆದರೆ ಅದಕ್ಕೆ ದುಡ್ಡು ಕೊಡುವವರು ಹರಾಜಿನಲ್ಲಿ ಇರುತ್ತಾರೆ.

ಅದಕ್ಕೆ ನನ್ನ ಬೆಲೆ ಹೇಳಿ, ಸರ್, ಇದನ್ನು ಮಾತ್ರ ಹರಾಜಿಗೆ ಕೊಡಿ ಅಂದೆ. ಹರಾಜಿನ ದಾಖಲೆಯಲ್ಲಿ ಕಾಣುವ ಬೆಲೆಯಲ್ಲಿ ಕೊಂಡವರು ಕಟ್ಟುವ ಕಮಿಷನ್ ಕೂಡ ಸೇರಿರುತ್ತದೆ, ಅದನ್ನು ಕಳೆದು ನೋಡಿ ಅಂತಲೂ ಹೇಳಿದೆ. ಹತ್ತೊಂಬತ್ತು ನಾನು ಕೊಂಡೆ. 1884-ಎಸ್ ಮಾರ್ಚ್‌ನಲ್ಲಿ ಹರಾಜಾಯಿತು, ಖರ್ಚೆಲ್ಲ ಕಳೆದು ನನ್ನ ಬೆಲೆಗಿಂತ ಇನ್ನೂರು ಡಾಲರ್ ಜಾಸ್ತಿಯೇ ಅವರ ಕೈಗೆ ಬಂತಂತೆ. ಫೋನ್ ಮಾಡಿ ಹೇಳಿದರು.